ಹಿಂಡಿಯಲ್ಲಿ ಬೆರೆಸಿ ಜಂತು ಔಷಧಿ: ಕೈಗೆ ಸಿಗದ ಹಳ್ಳಿಕಾರ್ ಕರುಗಳಿಗೆ ಯಾವ ದಾರಿ ಸರಿ?

ಚಿಕ್ಕನಾಯಕನಹಳ್ಳಿ_ಹೈದ
ಎಲ್ಲರಿಗೂ ನಮಸ್ಕಾರ. ನಮ್ಮ ಹತ್ತಿರ ಹಳ್ಳಿಕಾರ್ ಹೋರಿಗರು, ಮಣಕ ಎಲ್ಲ ಸೇರಿ 20 ಇವೆ. ಎಂಟು ತಿಂಗಳಿನಿಂದ ಎರಡು ವರ್ಷದವರೆಗಿನವು. ಮೇಯಿಸಿ, ಮೈ ತುಂಬಿಸಿ ಜಾತ್ರೆಗೆ ಹೊಡೆಯುತ್ತೇವೆ. ಹಾಲಿನ ವ್ಯವಹಾರ ಇಲ್ಲ. ಕಟ್ಟಿ ಸಾಕುವುದಿಲ್ಲ, ಬೇಲಿ ಹಾಕಿದ ಶೆಡ್ಡಿನಲ್ಲಿ ಬಿಟ್ಟಿದ್ದೇವೆ.

ತೊಂದರೆ ಇರುವುದು ಜಂತು ಔಷಧಿ ಕುಡಿಸುವಾಗ. ಹಳ್ಳಿಕಾರ್ ಹೇಗೆ ಅಂತ ಸಾಕಿದವರಿಗೆ ಗೊತ್ತು. ಹತ್ತಿರ ಹೋದರೆ ಬೇಲಿ ಹಾರುತ್ತವೆ. ಹಿಡಿದು ಬಾಯಿಗೆ ಗೊಟ್ಟ ಇಡುವಷ್ಟರಲ್ಲಿ ಆಳುಗಳು ಸುಸ್ತು. ಔಷಧಿ ಅರ್ಧ ಹೊಟ್ಟೆಗೆ, ಅರ್ಧ ನೆಲಕ್ಕೆ. ಹೋದ ಸಲ ನಮ್ಮ ಚಿಕ್ಕಪ್ಪನ ಪಕ್ಕೆಗೆ ಕೊಂಬು ತಗುಲಿತು. ಅವರು ಈಗ ಶೆಡ್ಡಿನ ಒಳಗೆ ಕಾಲಿಡಲ್ಲ ಅಂತಿದ್ದಾರೆ.

ಅದಕ್ಕೇ ಹಿಂಡಿಯಲ್ಲಿ ಬೆರೆಸಿ ಕೊಡೋಣ ಅಂತ ಯೋಚನೆ. ಅಂಗಡಿಯಲ್ಲಿ ಮೂರು ತೋರಿಸಿದರು. ಫೆನ್‌ಬೆಂಡಜೋಲ್ ಪುಡಿ, ಅಲ್ಬೆಂಡಜೋಲ್ ದ್ರಾವಣ (ಬೂಸಾದ ಮೇಲೆ ಸುರಿಯಿರಿ ಅಂದರು), ಇನ್ನೊಂದು ಗಿಡಮೂಲಿಕೆ ಪುಡಿ. ಯಾವುದು ತಗೊಳ್ಳಲಿ? ಎರಡು ಕರುಗಳಿಗೆ ಸಗಣಿ ತೆಳ್ಳಗಿದೆ, ಕೂದಲು ಒರಟಾಗಿದೆ.

ಮಂಡ್ಯ_ನಾಟಿ
ಫೆನ್‌ಬೆಂಡಜೋಲ್. ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಕಹಿ ಇಲ್ಲ, ವಾಸನೆ ಇಲ್ಲ, ಬೆಲ್ಲದ ನೀರು ಚಿಮುಕಿಸಿದರೆ ನೆಕ್ಕಿ ತಿನ್ನುತ್ತವೆ.

ರಾಣೆಬೆನ್ನೂರ_ಹೋರಿ
ಹಿಂಡಿಯೊಳಗ ಬೆರೆಸೋದು ಸೋಮಾರಿಗಳ ಕೆಲಸ ರೀ. ಸಿಟ್ಟಾಗಬೇಡ್ರಿ. ನಾವು ಹೋರಿ ಹಬ್ಬಕ್ಕ ಸಾಕೋ ಹೋರಿಗೂ ಕೈಯಿಂದಲೇ ಗುಳಿಗಿ ಹಾಕ್ತೀವಿ. ಯಾವ ದನದ ಹೊಟ್ಟೆಗೆ ಎಷ್ಟು ಹೋಯಿತು ಅಂತ ಗೊತ್ತಿರಬೇಕಲ್ಲ. ಗ್ವಾದಲಿಯೊಳಗ ಹಾಕಿದರ ಗಟ್ಟಿಮುಟ್ಟು ಹೋರಿ ಎರಡು ಪಾಲು ತಿಂತದ, ಬಡಕಲು ಕರು ನೋಡ್ತಾ ನಿಲ್ತದ. ಔಷಧಿ ಬೇಕಾದ್ದು ಯಾರಿಗೆ? ಆ ಬಡಕಲು ಕರುವಿಗೆ.

ಚಿಕ್ಕನಾಯಕನಹಳ್ಳಿ_ಹೈದ
ಅಣ್ಣ, ನಿಮ್ಮ ಹೋರಿಗಳು ಮೂಗುದಾರ ಹಾಕಿಸಿಕೊಂಡು ಮನುಷ್ಯರ ಕೈಯಲ್ಲೇ ಬೆಳೆದವು. ನಮ್ಮವಕ್ಕೆ ಮೂಗುದಾರವೇ ಇಲ್ಲ.

ಹಾಸನದಾಕೆ
ರಾಣೆಬೆನ್ನೂರಿನವರು ಹೇಳಿದ್ದರಲ್ಲಿ ಸತ್ಯ ಇದೆ, ಆದರೆ ಸೋಮಾರಿ ಅನ್ನುವ ಮಾತು ಬೇಡವಾಗಿತ್ತು. ನಮ್ಮ ಮನೆಯಲ್ಲಿ ದನದ ಕೆಲಸ ಮಾಡುವುದು ನಾನು ಮತ್ತು ನಮ್ಮತ್ತೆ. ಇಬ್ಬರು ಹೆಂಗಸರು ಒಂದೂವರೆ ವರ್ಷದ ಹೋರಿಗರುವಿನ ತಲೆ ಎತ್ತಿ ಹಿಡಿಯಲಾಗುತ್ತಾ?

ಮತ್ತೆ ಈ ಗೊಟ್ಟದಲ್ಲಿ ಕುಡಿಸುವುದೂ ಅಷ್ಟು ಸಲೀಸಲ್ಲ. ತಲೆ ತುಂಬಾ ಮೇಲಕ್ಕೆ ಎತ್ತಿ, ನಾಲಿಗೆ ಎಳೆದು ಸುರಿದರೆ ಔಷಧಿ ಶ್ವಾಸಕೋಶಕ್ಕೆ ಹೋಗುತ್ತದೆ. ನಮ್ಮೂರಲ್ಲೇ ಒಂದು ಕರು ಹಾಗೆ ನ್ಯುಮೋನಿಯಾ ಆಗಿ ಸತ್ತಿತು.

ನಿವೃತ್ತ_ಪಶುವೈದ್ಯ
ಒಳ್ಳೆಯ ಚರ್ಚೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಎಲ್ಲ ಜಂತು ಔಷಧಿಯೂ ಹಿಂಡಿಯಲ್ಲಿ ಬೆರೆಸಲು ಯೋಗ್ಯವಲ್ಲ. ಒಂದು ದನ ಪಾಲಿಗಿಂತ ಜಾಸ್ತಿ ತಿಂದರೆ ಏನಾಗುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ಫೆನ್‌ಬೆಂಡಜೋಲ್ ಈ ವಿಷಯದಲ್ಲಿ ಬಹಳ ಸುರಕ್ಷಿತ. ಎರಡು ಮೂರು ಪಟ್ಟು ಹೋದರೂ ದನಕ್ಕೆ ಏನೂ ಆಗುವುದಿಲ್ಲ. ಲೆವಮಿಸೋಲ್ ಹಾಗಲ್ಲ. ಪ್ರಮಾಣ ಮೀರಿದರೆ ಜೊಲ್ಲು ಸುರಿಯುತ್ತದೆ, ಮೈ ನಡುಗುತ್ತದೆ, ಉಸಿರಾಟಕ್ಕೂ ತೊಂದರೆ. ಕ್ಲೋಸಾಂಟೆಲ್ ಮೀರಿದರೆ ಕಣ್ಣೇ ಹೋಗಬಹುದು. ಇವೆರಡನ್ನೂ ಯಾರೂ ಬೂಸಾಕ್ಕೆ ಸುರಿಯಬೇಡಿ. ಆಕ್ಸಿಕ್ಲೋಜನೈಡ್ ಜೊತೆ ಲೆವಮಿಸೋಲ್ ಸೇರಿಸಿದ ದ್ರಾವಣಗಳು ಮಾರುಕಟ್ಟೆಯಲ್ಲಿವೆ. ಬಾಟಲಿಯ ಹಿಂದೆ ಬರೆದಿರುವುದನ್ನು ಓದಿ.

ಫೆನ್‌ಬೆಂಡಜೋಲ್‌ಗೆ ಇನ್ನೊಂದು ಅನುಕೂಲ ಇದೆ. ಈ ಗುಂಪಿನ ಔಷಧಿಗಳು ಒಂದೇ ಹೊಡೆತಕ್ಕೆ ಹುಳು ಕೊಲ್ಲುವಂಥವಲ್ಲ. ಹುಳುವಿನ ಮೈಗೆ ಎಷ್ಟು ಹೊತ್ತು ತಾಗಿಕೊಂಡಿರುತ್ತವೋ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ. ಹಾಗಾಗಿ ಒಂದು ಪೂರ್ತಿ ಡೋಸನ್ನು ಮೂರು ದಿನಕ್ಕೆ ಹಂಚಿ ಹಿಂಡಿಯಲ್ಲಿ ಕೊಟ್ಟರೂ ನಷ್ಟ ಇಲ್ಲ. ಇವತ್ತು ಕಡಿಮೆ ತಿಂದ ಕರು ನಾಳೆ ಸರಿದೂಗಿಸಿಕೊಳ್ಳುತ್ತದೆ. ರಾಣೆಬೆನ್ನೂರಿನವರ ಆಕ್ಷೇಪಕ್ಕೆ ಇದು ಅರ್ಧ ಉತ್ತರ.

ಇನ್ನರ್ಧ ಬಾನಿಯಲ್ಲಿದೆ. ನಿಮ್ಮ ಬಾನಿ ಎಷ್ಟು ಉದ್ದ ಇದೆ? ಒಂದೊಂದು ಕರುವಿಗೂ ಎರಡಡಿ ಬೇಕು. ಕೊಂಬಿನವಕ್ಕೆ ಇನ್ನೂ ಜಾಸ್ತಿ. ಎಲ್ಲವೂ ಒಟ್ಟಿಗೆ ನಿಂತು ತಿನ್ನಲು ಜಾಗ ಇಲ್ಲದಿದ್ದರೆ ಹಿಂಡಿಯಲ್ಲಿ ಔಷಧಿ ಹಾಕುವ ಮಾತೇ ಬೇಡ.

ಚಿಕ್ಕನಾಯಕನಹಳ್ಳಿ_ಹೈದ
ಡಾಕ್ಟ್ರೇ, ತುಂಬಾ ಉಪಕಾರ. ಬಾನಿ ಒಂದು ಗೋಡೆಗೆ 24 ಅಡಿ ಇದೆ. ಇಪ್ಪತ್ತಕ್ಕೂ ಸಾಲುವುದಿಲ್ಲ ಅನ್ನಿಸುತ್ತೆ.

ನಿವೃತ್ತ_ಪಶುವೈದ್ಯ
ಎರಡು ಗುಂಪು ಮಾಡಿ. ಚಿಕ್ಕವು ಒಂದು ಕಡೆ, ದೊಡ್ಡವು ಒಂದು ಕಡೆ. ಮಧ್ಯೆ ಬಿದಿರು ಅಡ್ಡ ಕಟ್ಟಿದರೂ ಸಾಕು. ಒಂದು ಗುಂಪು ತಿಂದು ಮುಗಿಸಿದ ಮೇಲೆ ಇನ್ನೊಂದನ್ನು ಬಿಡಿ.

ಕ್ಯಾನ್ಸಸ್_ಕನ್ನಡಿಗ
ನಾನು ಇಲ್ಲಿ ಅಮೆರಿಕದಲ್ಲಿ ಮಾಂಸದ ದನಗಳ ಮೇವಿನ ಕೆಲಸದಲ್ಲಿದ್ದೇನೆ. ಊರು ತುಮಕೂರು ಕಡೆ, ಅದಕ್ಕೇ ಈ ಚರ್ಚೆ ನೋಡಿ ಸುಮ್ನಿರಲು ಆಗಲಿಲ್ಲ.

ಇಲ್ಲಿ ಫ್ಲಿಂಟ್ ಹಿಲ್ಸ್ ಅಂತ ದೊಡ್ಡ ಹುಲ್ಲುಗಾವಲು ಇದೆ. ಎಳೆಯ ದನಗಳನ್ನು ಬೇಸಿಗೆಯಿಡೀ ಅಲ್ಲಿ ಮೇಯಲು ಬಿಡುತ್ತಾರೆ. ಮೇಯುವ ಕಾಲದ ನಡುವೆ ಅಷ್ಟನ್ನೂ ಒಟ್ಟುಗೂಡಿಸಿ ಹಿಡಿಯುವುದು ದೊಡ್ಡ ಕೆಲಸ. ಆಗ ಮೇವಿನಲ್ಲಿ ಕೊಡುವ ಔಷಧಿ ಉಪಯೋಗಕ್ಕೆ ಬರುತ್ತದೆ. ಫೆನ್‌ಬೆಂಡಜೋಲ್ ಇರುವ ಹಿಂಡಿ ಗುಂಡು ಇದೆ, ಉಪ್ಪು ಖನಿಜದ ಮಿಶ್ರಣ ಇದೆ, ನೆಕ್ಕುವ ಗಟ್ಟಿಯೂ ಇದೆ. ಗಟ್ಟಿಯನ್ನು ಮೂರು ದಿನ ಇಡುತ್ತಾರೆ. ಮೊರಾಂಟೆಲ್ ಅನ್ನುವುದನ್ನೂ ಮೇವಿನಲ್ಲೇ ಕೊಡುತ್ತಾರೆ.

ನೆಕ್ಕುವ ಗಟ್ಟಿಯ ದೊಡ್ಡ ತೊಂದರೆ ಏನೆಂದರೆ, ಕೆಲವು ದನ ಅದರ ಹತ್ತಿರವೇ ಬರುವುದಿಲ್ಲ. ಕೆಲವು ಬಿಟ್ಟು ಕದಲುವುದಿಲ್ಲ. ಅದಕ್ಕೆ ಔಷಧಿ ಇಲ್ಲದ ಅದೇ ಥರದ ಗಟ್ಟಿಯನ್ನು ಮೊದಲೇ ಇಟ್ಟು ರೂಢಿ ಮಾಡಿಸುತ್ತಾರೆ. ನೀವೂ ಅದನ್ನೇ ಮಾಡಿ. ಯಾವ ಹಿಂಡಿಯಲ್ಲಿ ಬೆರೆಸುತ್ತೀರೋ ಅದೇ ಹಿಂಡಿಯನ್ನು, ಅದೇ ಹೊತ್ತಿಗೆ, ಅದೇ ಬಾನಿಗೆ ಮೊದಲೇ ಕೆಲವು ದಿನ ಹಾಕಿ. ಯಾವ ಕರು ಹಿಂದೆ ಉಳಿಯುತ್ತದೆ ಅಂತ ನೋಡಿಕೊಳ್ಳಿ. ಹಿಂದೆ ಉಳಿಯುವ ಕರುವನ್ನು ಬೇರೆಯಾಗಿ ನೋಡಿಕೊಳ್ಳಬೇಕು.

ಮಾಂಸಕ್ಕೆ ಹೋಗುವ ದನಕ್ಕೆ ಔಷಧಿ ಕೊಟ್ಟ ಮೇಲೆ ಕಾಯುವ ಅವಧಿಯೂ ಬೇರೆ ಬೇರೆ. ಇಲ್ಲಿ ಬಾಯಿಗೆ ಕುಡಿಸುವ ಫೆನ್‌ಬೆಂಡಜೋಲ್‌ಗೆ 8 ದಿನ, ಮೇವಿನ ಗುಂಡಿಗೆ 13 ದಿನ. ಔಷಧಿ ಒಂದೇ, ಕೊಡುವ ರೀತಿ ಬೇರೆಯಾದರೆ ಕಾಯುವ ದಿನವೂ ಬೇರೆ.

ಸಿರಾ_ಟಗರು
ಈ ಕಾಯುವ ಅವಧಿ ವಿಷಯ ನಮ್ಮ ಟಗರು ಸಾಕುವವರಿಗೆ ಯಾರೂ ಹೇಳುವುದೇ ಇಲ್ಲ. ಬಕ್ರೀದ್‌ಗೆ ಮಾರುವ ವಾರ ಮುಂಚೆ ಜಂತು ಔಷಧಿ ಕುಡಿಸಿ ‘ಹೊಟ್ಟೆ ಕ್ಲೀನ್ ಮಾಡಿಸಿದ್ದೀವಿ’ ಅಂತ ಹೆಮ್ಮೆಯಿಂದ ಹೇಳುವವರನ್ನು ನೋಡಿದ್ದೇನೆ. ತಿನ್ನುವವರ ಹೊಟ್ಟೆಗೂ ಅದೇ ಹೋಗುತ್ತೆ ಅಲ್ವಾ?

ಮಂಡ್ಯ_ನಾಟಿ
ಲೆಕ್ಕ ನಾನು ಹೇಳ್ತೀನಿ. ಒಂದು ಕಿಲೋ ತೂಕಕ್ಕೆ 5 ಮಿ.ಗ್ರಾಂ. 20 ಕರು ಸೇರಿ 3200 ಕಿಲೋ ಅಂತ ಇಟ್ಟುಕೊಳ್ಳಿ. 16 ಗ್ರಾಂ ಪುಡಿ ಸಾಕು. ಇಷ್ಟಕ್ಕೆ ಯಾಕೆ ಇಷ್ಟು ಚರ್ಚೆ?

ಹಾಸನದಾಕೆ
ತಪ್ಪು! 16 ಗ್ರಾಂ ಅನ್ನುವುದು ಅಸಲು ಔಷಧಿಯ ಲೆಕ್ಕ. ಅಂಗಡಿಯಲ್ಲಿ ಸಿಗುವ ಪುಡಿಯಲ್ಲಿ ಅದು ಪೂರ್ತಿ ಇರುವುದಿಲ್ಲ. 25 ಶೇಕಡದ ಪುಡಿ ಆದರೆ 64 ಗ್ರಾಂ ಬೇಕು. ನೀವು ಹೇಳಿದ ಹಾಗೆ ಹಾಕಿದರೆ ಎಲ್ಲಕ್ಕೂ ಕಾಲು ಡೋಸ್ ಸಿಗುತ್ತದೆ. ಹುಳು ಸಾಯದೆ ಔಷಧಿಗೆ ಒಗ್ಗಿಕೊಳ್ಳುತ್ತವೆ.

ಮಂಡ್ಯ_ನಾಟಿ
ಹೌದು ಅಕ್ಕ, ಸರಿ. 64 ಗ್ರಾಂ.

ಕೊಪ್ಪಳ_ಕುರಿ
ಔಷಧಿಗೆ ಒಗ್ಗಿಕೊಳ್ಳುವ ಮಾತು ಬಂತಲ್ಲ, ಅದನ್ನು ಕುರಿ ಸಾಕುವವರನ್ನು ಕೇಳಬೇಕು. ಕುರಿಯ ಹೊಟ್ಟೆಯಲ್ಲಿ ರಕ್ತ ಹೀರುವ ಹುಳು ಇರುತ್ತದೆ, ಹೀಮಾಂಕಸ್ ಅಂತ. ಗದ್ದದ ಕೆಳಗೆ ನೀರು ತುಂಬಿ ಜೋತು ಬಿದ್ದರೆ ಅದರದೇ ಕೆಲಸ ಅಂತ ಅನುಮಾನ ಪಡಬೇಕು. ನಮ್ಮ ಕಡೆ ವರ್ಷಗಟ್ಟಲೆ ಅಲ್ಬೆಂಡಜೋಲ್ ಒಂದೇ ಕುಡಿಸಿ, ಅದೂ ಹಿಂಡಿನಲ್ಲಿ ಎಲ್ಲದಕ್ಕೂ ಕಣ್ಣಳತೆಯಲ್ಲಿ ಕುಡಿಸಿ, ಈಗ ಎಷ್ಟೋ ಹಟ್ಟಿಗಳಲ್ಲಿ ಅದು ನೀರು ಕುಡಿಸಿದ ಹಾಗೆ. ಈಗ ನಾವು ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡುತ್ತೇವೆ. ಕೆಂಪಗಿದ್ದರೆ ಬಿಡುತ್ತೇವೆ, ಬಿಳಿಚಿಕೊಂಡಿದ್ದರೆ ಮಾತ್ರ ಔಷಧಿ.

ಹಿಂಡಿಯಲ್ಲಿ ಬೆರೆಸುವುದು ಅಂದರೆ ಬೇಕಾದ್ದಕ್ಕೂ ಬೇಡದ್ದಕ್ಕೂ ಕೊಟ್ಟ ಹಾಗೆ. ನನಗೆ ಅದು ಒಪ್ಪಿಗೆ ಇಲ್ಲ.

ನಿವೃತ್ತ_ಪಶುವೈದ್ಯ
ಕೊಪ್ಪಳದವರ ಮಾತಿಗೆ ತೂಕ ಇದೆ. ಕುರಿಗೆ ನಾನೂ ಹಿಂಡಿಯಲ್ಲಿ ಬೆರೆಸಲು ಹೇಳುವುದಿಲ್ಲ. ದನದಲ್ಲೂ, ಬೆಳೆದವಕ್ಕೆ ಹುಳುವನ್ನು ತಡೆದುಕೊಳ್ಳುವ ಶಕ್ತಿ ಬಂದಿರುತ್ತದೆ. ಮೈ ಚೆನ್ನಾಗಿರುವ ದೊಡ್ಡ ಹಸುಗಳಿಗೆ ಮೂರು ತಿಂಗಳಿಗೊಮ್ಮೆ ಕಡ್ಡಾಯ ಅಂತ ಸುರಿಯುವುದು ದುಡ್ಡು ದಂಡ. ಒಂದೂವರೆ ವರ್ಷದ ಒಳಗಿನ ಕರುಗಳ ಕಥೆ ಬೇರೆ. ಒಟ್ಟಿಗೆ ಮೇಯುವ ಎಳೆಯ ಗುಂಪು ಆದ್ದರಿಂದ ಇವರ ಕರುಗಳಿಗೆ ಗುಂಪಾಗಿ ಕೊಡುವುದರಲ್ಲಿ ಅರ್ಥ ಇದೆ. ಆದರೆ ಮೊದಲು ಸಗಣಿ ಪರೀಕ್ಷೆ ಆಗಲಿ.

ರಾಣೆಬೆನ್ನೂರ_ಹೋರಿ
ಅದು ಬರೋಬ್ಬರಿ ಮಾತು.

ಶಿರಸಿ_ತೋಟ
ಒಂದು ಪ್ರಶ್ನೆ. ಇವು ಎಲ್ಲಿ ಮೇಯುತ್ತವೆ? ಯಾರೂ ಕೇಳಲೇ ಇಲ್ಲ.

ಚಿಕ್ಕನಾಯಕನಹಳ್ಳಿ_ಹೈದ
ಬೆಳಿಗ್ಗೆ ಕೆರೆ ಅಂಗಳಕ್ಕೆ ಹೊಡೆಯುತ್ತೇವೆ. ಬೇರೆಲ್ಲ ಒಣಗಿದಾಗಲೂ ಅಲ್ಲಿ ಹಸಿರು ಇರುತ್ತೆ.

ಶಿರಸಿ_ತೋಟ
ಹಾಗಾದರೆ ಫೆನ್‌ಬೆಂಡಜೋಲ್ ಒಂದೇ ಸಾಲದು ಮಾರಾಯ್ರೇ!

ನಮ್ಮ ಮಲೆನಾಡಿನಲ್ಲಿ ಗದ್ದೆ ಬದುವಿನ ಹುಲ್ಲು ತಿಂದ ದನಗಳಿಗೆ ಈ ಚಪ್ಪಟೆ ಹುಳುವಿನ ಕಾಟ ಚೆನ್ನಾಗಿ ಗೊತ್ತು. ನೀರಿನಲ್ಲಿರುವ ಬಸವನಹುಳುವಿನೊಳಗೆ ಮರಿಹುಳು ಬೆಳೆದು ಹೊರಗೆ ಬರುತ್ತದೆ. ಹುಲ್ಲಿನ ಬುಡಕ್ಕೆ ಅಂಟಿಕೊಂಡು ಕೂರುತ್ತದೆ. ಕೆರೆಯ ನೀರು ಹಿಂದೆ ಸರಿದ ಹಾಗೆ ಅದೇ ಹುಲ್ಲು ದನದ ಬಾಯಿಗೆ ಸಿಗುತ್ತದೆ. ನಿಮ್ಮ ಕೆರೆ ಅಂಚಿನಲ್ಲಿ ಬಗ್ಗಿ ನೋಡಿ. ಹುಲ್ಲಿನ ಬುಡದ ಕೆಸರಿನಲ್ಲಿ ಕಡಲೆ ಗಾತ್ರದ ಕಂದು ಚಿಪ್ಪು ಇದ್ದರೆ ಅನುಮಾನ ಪಡಲೇಬೇಕು. ತೆಳ್ಳಗೆ ಸಗಣಿ ಹಾಕುವ ಆ ಎರಡು ಕರುಗಳ ಸಗಣಿ ಗಬ್ಬು ವಾಸನೆ ಬರುತ್ತಿದೆಯಾ?

ಚಿಕ್ಕನಾಯಕನಹಳ್ಳಿ_ಹೈದ
ಹೌದು, ತುಂಬಾ ಕೆಟ್ಟ ವಾಸನೆ. ನೀರಿನ ಹಾಗೆ ಹೋಗುತ್ತೆ. ಚಿಪ್ಪು ಬೇಕಾದಷ್ಟಿವೆ.

ನಿವೃತ್ತ_ಪಶುವೈದ್ಯ
ಶಿರಸಿಯವರು ಸರಿಯಾದ ಜಾಗಕ್ಕೆ ಕೈ ಇಟ್ಟರು. ಫೆನ್‌ಬೆಂಡಜೋಲ್ ದುಂಡು ಹುಳುವಿಗೆ ಒಳ್ಳೆಯದು. ಈಲಿಯ ಚಪ್ಪಟೆ ಹುಳುವಿಗೂ, ಹೊಟ್ಟೆಯಲ್ಲಿರುವ ಆಂಫಿಸ್ಟೋಮ್ ಅನ್ನುವ ಹುಳುವಿಗೂ ಅದು ತಾಗುವುದಿಲ್ಲ. ಎಳೆಯ ಆಂಫಿಸ್ಟೋಮ್‌ಗಳು ಕರುಳಿನಲ್ಲಿದ್ದಾಗಲೇ ಕರು ಹೀಗೆ ಗಬ್ಬು ವಾಸನೆಯ ಭೇದಿ ಮಾಡುತ್ತದೆ. ಆಗ ಸಗಣಿಯಲ್ಲಿ ಮೊಟ್ಟೆ ಕಾಣದೆಯೂ ಇರಬಹುದು.

ಸಗಣಿ ಕೊಡುವಾಗ ಇಷ್ಟು ನೆನಪಿಡಿ. ಆಗ ತಾನೇ ಹಾಕಿದ ಸಗಣಿಯ ಮೇಲ್ಭಾಗದಿಂದ ತೆಗೆಯಿರಿ, ನೆಲದ ಮಣ್ಣು ಸೇರಬಾರದು. ಡಬ್ಬಿ ತುಂಬಾ ತುಂಬಿ, ಗಾಳಿಗೆ ಜಾಗ ಬೇಡ. ಬಿಸಿಲಲ್ಲಿ ಇಡಬೇಡಿ, ಮೊಟ್ಟೆ ಒಡೆದು ಮರಿ ಆಗಿಬಿಡುತ್ತದೆ. ಕೊಡುವಾಗ ‘ಚಪ್ಪಟೆ ಹುಳುವಿನ ಅನುಮಾನ ಇದೆ, ತಳಕ್ಕೆ ಕೂರಿಸಿ ನೋಡಿ’ ಅಂತ ಬಾಯಿಬಿಟ್ಟು ಹೇಳಿ. ತೇಲಿಸಿ ನೋಡುವ ಪರೀಕ್ಷೆಯಲ್ಲಿ ದುಂಡು ಹುಳುವಿನ ಹಗುರ ಮೊಟ್ಟೆ ಮೇಲೆ ಬರುತ್ತದೆ. ಚಪ್ಪಟೆ ಹುಳುವಿನ ಮೊಟ್ಟೆ ಭಾರ, ತಳದಲ್ಲೇ ಉಳಿಯುತ್ತದೆ. ಈಲಿಯ ಹುಳುವಿನ ಮೊಟ್ಟೆ ಹಳದಿ, ಆಂಫಿಸ್ಟೋಮ್‌ದು ಬಣ್ಣವಿಲ್ಲದ್ದು. ನೋಡಿದವರಿಗೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಆ ಎರಡು ಕರುಗಳನ್ನು ಪರೀಕ್ಷೆಗೆ ಅಂತ ಕಾಯಿಸಬೇಡಿ. ಇವತ್ತೇ ಬೇರೆ ಮಾಡಿ ಡಾಕ್ಟರನ್ನು ಕರೆಸಿ. ಸ್ಥಳೀಯವಾಗಿ ಯಾರೂ ಸಿಗದಿದ್ದರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸೆ ವಾಹನ ಬರುತ್ತದೆ. ಮೇವು ಬಿಟ್ಟ ಕರುವಿಗೆ ಮೇವಿನಲ್ಲಿ ಔಷಧಿ ಕೊಡುವುದು ಹೇಗೆ?

ಬೆಂಗಳೂರು_ಬಿಟ್ಟವನು
ನಾನು ಐಟಿ ಬಿಟ್ಟು ಈಗ ದನ ಸಾಕುತ್ತಿದ್ದೇನೆ. ಐವರ್‌ಮೆಕ್ಟಿನ್ ಇಂಜೆಕ್ಷನ್ ದ್ರಾವಣವನ್ನೇ ಹಿಂಡಿಗೆ ಬೆರೆಸಿದರೆ ಜಂತು, ಉಣ್ಣೆ ಎರಡೂ ಹೋಗುತ್ತವೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. 2015ರಲ್ಲಿ ನೊಬೆಲ್ ಬಂದ ಔಷಧಿ ಅದು.

ನಿವೃತ್ತ_ಪಶುವೈದ್ಯ
ದಯವಿಟ್ಟು ಬೇಡ. ನೊಬೆಲ್ ಬಂದಿದ್ದು ನಿಜ, ಕ್ಯಾಂಪ್‌ಬೆಲ್ ಮತ್ತು ಒಮುರಾ ಅವರಿಗೆ. ಆದರೆ ಚರ್ಮದ ಕೆಳಗೆ ಕೊಡಲು ಮಾಡಿದ ದ್ರಾವಣ ಅದು. 1 ಶೇಕಡದ ದ್ರಾವಣ 50 ಕಿಲೋ ತೂಕಕ್ಕೆ 1 ಮಿ.ಲೀ. ಅಷ್ಟು ಚಿಕ್ಕ ಪ್ರಮಾಣವನ್ನು ಬುಟ್ಟಿ ಹಿಂಡಿಯಲ್ಲಿ ಸಮನಾಗಿ ಹರಡಲು ಯಾರಿಂದಲೂ ಆಗದು. ಚಪ್ಪಟೆ ಹುಳುವಿಗೂ ಅದು ನಾಟುವುದಿಲ್ಲ. ಹಾಲು ಕೊಡುವ ಹಸುಗಳಿಗಂತೂ ಕೊಡಲೇಬಾರದು.

ಶಿರಸಿ_ತೋಟ
ಇನ್ನೊಂದು ಮಾತು ಸೇರಿಸುತ್ತೇನೆ. ಐವರ್‌ಮೆಕ್ಟಿನ್ ಸಗಣಿಯಲ್ಲಿ ಹೊರಗೆ ಬರುತ್ತದೆ. ಸಗಣಿ ಹುಳುಗಳ ಮರಿಗಳಿಗೆ ಅದು ವಿಷ. ಸಗಣಿ ಮಣ್ಣಿಗೆ ಸೇರುವುದು ಆ ಹುಳುಗಳಿಂದಲೇ. ತೋಟಕ್ಕೆ ಗೊಬ್ಬರ ಹಾಕುವವರು ಇದನ್ನು ಯೋಚಿಸಬೇಕು.

ದಾವಣಗೆರೆ_ಬೂಸಾ
ಆ ಮೂರನೇ ಪುಡಿಯ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮಜ್ಜ ಮುತ್ತುಗದ ಬೀಜ ಅರೆದು ಬೆಲ್ಲದ ಜೊತೆ ಕೊಡುತ್ತಿದ್ದರು. ಬೇವಿನ ಸೊಪ್ಪೂ ತಿನ್ನಿಸುತ್ತಿದ್ದರು. ಎಲ್ಲದಕ್ಕೂ ಇಂಗ್ಲಿಷ್ ಔಷಧಿಯೇ ಯಾಕೆ?

ಶಿರಸಿ_ತೋಟ
ನಮ್ಮ ಕಡೆ ಅಡಿಕೆ ಪುಡಿ ಕೊಡುತ್ತಿದ್ದರು. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನು ನಾಯಿಗಳ ಲಾಡಿಹುಳುವಿಗೆ ಡಾಕ್ಟರುಗಳೇ ಬಳಸುತ್ತಿದ್ದರು. ಸುಳ್ಳಲ್ಲ ಇವು. ಆದರೆ ಎಷ್ಟು ಕೊಡಬೇಕು ಅನ್ನುವ ಅಂದಾಜು ನಮ್ಮಜ್ಜಿಗೆ ಕೈಯಲ್ಲಿತ್ತು, ನನಗೆ ಇಲ್ಲ.

ಕೊಪ್ಪಳ_ಕುರಿ
ಡಬ್ಬದ ಮೇಲೆ ಬರೀ ‘ಗಿಡಮೂಲಿಕೆ’ ಅಂತ ಇದ್ದು, ಯಾವ ಗಿಡ ಎಷ್ಟು ಅಂತ ಇಲ್ಲದಿದ್ದರೆ ನಾನು ಮುಟ್ಟುವುದಿಲ್ಲ.

ದಾವಣಗೆರೆ_ಬೂಸಾ
ಅದು ಸರಿ. ನಾನೂ ಮುತ್ತುಗದ ಬೀಜದ ಪರ ಮಾತಾಡಿದೆ, ಅಂಗಡಿ ಡಬ್ಬದ ಪರ ಅಲ್ಲ.

ಕ್ಯಾನ್ಸಸ್_ಕನ್ನಡಿಗ
ಮೇವಿನಲ್ಲಿ ಕೊಡುವ ಇನ್ನೊಂದು ದಾರಿ ಇದೆ, ಗೊತ್ತಿರಲಿ ಅಂತ ಹೇಳುತ್ತೇನೆ. ಡಡಿಂಗ್ಟೋನಿಯಾ ಅಂತ ಒಂದು ಬೂಷ್ಟು. ಅದರ ಬೀಜಕಣಗಳನ್ನು ಮೇವಿನಲ್ಲಿ ದಿನಾ ತಿನ್ನಿಸುತ್ತಾರೆ. ದನದ ಹೊಟ್ಟೆ ದಾಟಿ ಸಗಣಿಗೆ ಬಂದು ಅಲ್ಲಿ ಬೆಳೆದು, ಸಗಣಿಯಲ್ಲಿರುವ ಜಂತುಮರಿಗಳನ್ನು ಬಲೆ ಹಾಕಿ ಹಿಡಿದು ತಿನ್ನುತ್ತದೆ. ದನದ ಒಳಗಿನ ಹುಳುವಿಗೆ ಏನೂ ಮಾಡುವುದಿಲ್ಲ, ಹುಲ್ಲಿಗೆ ಹರಡುವುದನ್ನು ತಡೆಯುತ್ತದೆ. ಆಸ್ಟ್ರೇಲಿಯಾ, ಅಮೆರಿಕದಲ್ಲಿ ಮಾರಾಟಕ್ಕಿದೆ.

ಸಿರಾ_ಟಗರು
ಅದು ನಮ್ಮ ಕಡೆ ಬಂದರೆ ಮೊದಲ ಗಿರಾಕಿ ನಾನೇ.

ಹಾಸನದಾಕೆ
ಹೈದ ತಮ್ಮ, ನಿನ್ನ ಪೋಸ್ಟನ್ನು ಮತ್ತೊಮ್ಮೆ ಓದಿದೆ. ಎರಡು ವರ್ಷದ ಹೋರಿಗರು, ಮಣಕ ಎಲ್ಲ ಒಂದೇ ಶೆಡ್ಡಿನಲ್ಲಿ ಬಿಟ್ಟಿದ್ದೀಯಲ್ಲ. ಮಣಕಗಳು ಗಬ್ಬ ಆಗಿಲ್ಲ ಅಂತ ನಿನಗೆ ಖಾತ್ರಿ ಇದೆಯಾ?

ಚಿಕ್ಕನಾಯಕನಹಳ್ಳಿ_ಹೈದ
ಅಕ್ಕ, ಖಾತ್ರಿ ಇಲ್ಲ. ಅದಕ್ಕೂ ಇದಕ್ಕೂ ಏನು?

ಹಾಸನದಾಕೆ
ಅಲ್ಬೆಂಡಜೋಲನ್ನು ಗಬ್ಬದ ಮೊದಲ 45 ದಿನ ಕೊಡಬಾರದು. ಹೊಟ್ಟೆಯೊಳಗಿನ ಕರುವಿಗೆ ತೊಂದರೆ. ಯಾವಾಗ ಹೋರಿ ಹತ್ತಿತು ಅಂತ ಗೊತ್ತಿಲ್ಲದಿದ್ದರೆ ಬೂಸಾದ ಮೇಲೆ ಅಲ್ಬೆಂಡಜೋಲ್ ಸುರಿಯುವುದು ಬೇಡ. ಫೆನ್‌ಬೆಂಡಜೋಲ್‌ಗೆ ಆ ಭಯ ಇಲ್ಲ.

ನಿವೃತ್ತ_ಪಶುವೈದ್ಯ
ಬಹಳ ಮುಖ್ಯವಾದ ಮಾತು. ನನಗೂ ಹೊಳೆದಿರಲಿಲ್ಲ.

ಚಿಕ್ಕನಾಯಕನಹಳ್ಳಿ_ಹೈದ
ಸಗಣಿ ಪರೀಕ್ಷೆ ಆಯಿತು. ಗುಂಪಿನ ಸಗಣಿಯಲ್ಲಿ ದುಂಡು ಹುಳುವಿನ ಮೊಟ್ಟೆ ಗ್ರಾಂಗೆ 600. ಅದರ ಜೊತೆ ಆಂಫಿಸ್ಟೋಮ್ ಮೊಟ್ಟೆಯೂ ಇದೆ. ಈಲಿಯ ಹುಳುವಿನ ಹಳದಿ ಮೊಟ್ಟೆ ಕಾಣಲಿಲ್ಲ ಅಂದರು. ಭೇದಿ ಇದ್ದ ಎರಡು ಕರುಗಳಿಗೆ ನಮ್ಮೂರ ಡಾಕ್ಟರು ಬಂದು ಆಕ್ಸಿಕ್ಲೋಜನೈಡ್ ಕುಡಿಸಿದರು. ಒಂದು ಆಗಲೇ ಮೇವಿಗೆ ಬಾಯಿ ಹಾಕುತ್ತಿದೆ. ಇನ್ನೊಂದಕ್ಕೆ ಬಾಟಲಿ ಹಾಕಿದರು, ಇನ್ನೂ ನಿಶ್ಶಕ್ತಿ ಇದೆ.

ಉಳಿದ 18ಕ್ಕೆ ಏನು ಮಾಡಲಿ? ಆಕ್ಸಿಕ್ಲೋಜನೈಡನ್ನೂ ಹಿಂಡಿಯಲ್ಲಿ ಹಾಕಬಹುದಾ?

ನಿವೃತ್ತ_ಪಶುವೈದ್ಯ
ಅದು ಬೇಡ. ಆಂಫಿಸ್ಟೋಮ್‌ಗೆ ಪ್ರತಿ ಕರುವಿಗೂ ಪೂರ್ತಿ ಪ್ರಮಾಣ ಒಂದೇ ಸಲಕ್ಕೆ ಹೋಗಬೇಕು. ಹಂಚಿ ತಿನ್ನಿಸಿದರೆ ಕೆಲಸ ಆಗುವುದಿಲ್ಲ. ಹೀಗೆ ಮಾಡಿ. ದುಂಡು ಹುಳುವಿಗೆ ಫೆನ್‌ಬೆಂಡಜೋಲ್ ಹಿಂಡಿಯಲ್ಲಿ. ಚಪ್ಪಟೆ ಹುಳುವಿಗೆ ಒಂದು ದಿನ ಗೊತ್ತು ಮಾಡಿಕೊಂಡು ಕೈಯಲ್ಲಿ. ಕುಡಿಸಿದ ಮೇಲೆ ಒಂದೆರಡು ದಿನ ಸಗಣಿ ತೆಳ್ಳಗಾಗುತ್ತದೆ, ಗಾಬರಿ ಬೇಡ.

ರಾಣೆಬೆನ್ನೂರ_ಹೋರಿ
ಕೊನೆಗೆ ಕೈಗೇ ಬಂತಲ್ಲ! ತಮ್ಮಾ, ಕೇಳು. ಹಿಡಿಯೋಕೆ ಹೋಗಬ್ಯಾಡ. ಶೆಡ್ಡಿನ ಬಾಗಿಲಿನಿಂದ ಹೊರಗೆ ಒಂದು ಸಣ್ಣ ಓಣಿ ಕಟ್ಟು. ಗಟ್ಟಿ ಬಿದಿರು ಅಥವಾ ಹಳೆ ಕಬ್ಬಿಣದ ಪೈಪು. ಅಗಲ ಒಂದು ದನ ನಿಲ್ಲುವಷ್ಟೇ ಇರಲಿ, ತಿರುಗಲು ಆಗಬಾರದು. ಮುಂದ ಎರಡು ಕಂಬ ನೆಟ್ಟು, ಕುತ್ತಿಗೆ ಸಿಗುವಷ್ಟು ಜಾಗ ಬಿಟ್ಟು ಅಡ್ಡಗಳು ಹಾಕು. ಹಿಂದಿನಿಂದಲೂ ಒಂದು ಅಡ್ಡಗಳು. ಪಶು ಆಸ್ಪತ್ರೆ ಮುಂದ ಇರ್ತದಲ್ಲ ಕಂಬಿ ಚೌಕಟ್ಟು, ಹಾಗೇ. ಮೊದಲು ಕೆಲವು ದಿನ ಸುಮ್ನೆ ಅದರ ಮೂಲಕವೇ ಹಿಂಡಿಗೆ ಬಿಡು. ರೂಢಿ ಆಗ್ತದ. ನಿಮ್ಮ ಚಿಕ್ಕಪ್ಪನೂ ಹೊರಗೆ ನಿಂತೇ ಕೆಲಸ ಮಾಡಬಹುದು.

ಚಿಕ್ಕನಾಯಕನಹಳ್ಳಿ_ಹೈದ
ಇದು ತಲೆಗೆ ಹೋಯಿತು ಅಣ್ಣ. ಅಡಿಕೆ ಮರದ ದಬ್ಬೆ ಇವೆ, ಕಂಬಕ್ಕೆ ಕಲ್ಲುಕಂಬ ಇವೆ.

ಮಂಡ್ಯ_ನಾಟಿ
ಓಣಿ ಕಟ್ಟಿದ ಮೇಲೆ ಟೇಪ್ ಹಿಡಿದು ಅಳತೆಯೂ ತಗೊಂಡುಬಿಡಿ. ಎದೆ ಸುತ್ತಳತೆ ಇಂಚಿನಲ್ಲಿ, ಅದನ್ನು ಅದರಿಂದಲೇ ಗುಣಿಸಿ, ಮೈ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಕಿಲೋ ಸಿಗುತ್ತೆ. ಸುತ್ತಳತೆ 50 ಇಂಚು, ಉದ್ದ 45 ಇಂಚು ಇದ್ದರೆ ಸುಮಾರು 170 ಕಿಲೋ. ಉದ್ದ ಅಂದರೆ ಭುಜದ ಮೂಳೆಯ ತುದಿಯಿಂದ ಪೃಷ್ಠದ ಮೂಳೆಯ ತುದಿವರೆಗೆ.

ಹಾಸನದಾಕೆ
ಈ ಲೆಕ್ಕ ಸರಿ ಇದೆ.

ಚಿಕ್ಕನಾಯಕನಹಳ್ಳಿ_ಹೈದ
ಬೆರೆಸುವ ರೀತಿ ಯಾರಾದರೂ ಬಿಡಿಸಿ ಹೇಳಿ. ಚಿಟಿಕೆ ಪುಡಿ ಬುಟ್ಟಿ ಹಿಂಡಿಯಲ್ಲಿ ಹೇಗೆ ಸಮನಾಗಿ ಹರಡುತ್ತೆ?

ದಾವಣಗೆರೆ_ಬೂಸಾ
ಇದು ನನ್ನ ದಿನದ ಕೆಲಸ, ಖನಿಜ ಮಿಶ್ರಣ ಹೀಗೇ ಬೆರೆಸುತ್ತೇವೆ. ಪುಡಿಯನ್ನು ಮೊದಲು ಒಂದು ಹಿಡಿ ಜೋಳದ ನುಚ್ಚಿಗೆ ಹಾಕಿ ಕಲಸಿ. ಅಷ್ಟೇ ಪ್ರಮಾಣದ ಇನ್ನೊಂದು ನುಚ್ಚು ಸೇರಿಸಿ ಮತ್ತೆ ಕಲಸಿ. ಹೀಗೆ ಪ್ರತಿ ಸಲ ದುಪ್ಪಟ್ಟು ಮಾಡುತ್ತಾ ಹೋಗಿ. ಒಂದೆರಡು ಕಿಲೋ ಆದ ಮೇಲೆ ಟಾರ್ಪಾಲಿನ ಮೇಲೆ ಹಿಂಡಿ, ಬೂಸಾ ಹರಡಿ, ಇದನ್ನು ಮೇಲೆ ಚೆಲ್ಲಿ, ಸಲಿಕೆಯಲ್ಲಿ ಮಗುಚಿ. ಬೆಲ್ಲದ ನೀರು ಕೊನೆಗೆ, ಕೈ ಒದ್ದೆ ಆಗುವಷ್ಟೇ. ಇಲ್ಲದಿದ್ದರೆ ಪುಡಿಯೆಲ್ಲ ಬಾನಿಯ ತಳ ಸೇರುತ್ತದೆ, ನೆಕ್ಕುವ ಕರುವಿಗೆ ಮಾತ್ರ ಸಿಗುತ್ತದೆ. ಉದ್ದ ಹುಲ್ಲಿನ ಜೊತೆ ಬೆರೆಸಲೇಬೇಡಿ.

ನಿವೃತ್ತ_ಪಶುವೈದ್ಯ
ಚೆನ್ನಾಗಿ ಹೇಳಿದಿರಿ. ಮೂರು ದಿನಕ್ಕೆ ಹಂಚುವುದಾದರೆ ಪ್ರತಿ ದಿನದ ಪಾಲು ಬೇರೆ ಬೇರೆ ತೂಗಿ ಪೊಟ್ಟಣ ಕಟ್ಟಿಡಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಕೆರೆ ಕಡೆ ಹೊಡೆಯುವ ಮುಂಚೆ. ಬಾನಿ ಖಾಲಿ ಆಗುವವರೆಗೆ ನಿಂತು ನೋಡಿ. ಔಷಧಿ ಮುಗಿದು 14 ದಿನಕ್ಕೆ ಮತ್ತೆ ಸಗಣಿ ಪರೀಕ್ಷೆ. 600 ಇದ್ದದ್ದು 30ಕ್ಕೆ ಇಳಿದರೆ 95 ಶೇಕಡ ಕಡಿಮೆ ಆದ ಹಾಗೆ, ಔಷಧಿ ಕೆಲಸ ಮಾಡುತ್ತಿದೆ. ಅದಕ್ಕಿಂತ ಜಾಸ್ತಿ ಉಳಿದರೆ ಒಂದೋ ಕರುಗಳು ಸರಿಯಾಗಿ ತಿಂದಿಲ್ಲ, ಇಲ್ಲವೇ ಹುಳು ಒಗ್ಗಿಕೊಂಡಿದೆ. ಆಗ ಬೇರೆ ಗುಂಪಿನ ಔಷಧಿ ಯೋಚಿಸಬೇಕು.

ಕೆರೆ ಅಂಗಳದ ಮೇವು ನಿಲ್ಲಿಸದೆ ಆಂಫಿಸ್ಟೋಮ್ ನಿಲ್ಲುವುದಿಲ್ಲ. ಹುಲ್ಲು ಕೊಯ್ದು ಚೆನ್ನಾಗಿ ಒಣಗಿಸಿ ಹಾಕಿ. ನೀರು ಬಾನಿಯಲ್ಲಿ ಕುಡಿಸಿ.

ಶಿರಸಿ_ತೋಟ
ಬಾತುಕೋಳಿ ಸಾಕಿ, ಬಸವನಹುಳು ತಿನ್ನುತ್ತವೆ.

ಸಿರಾ_ಟಗರು
ಕೆರೆಗೆ ಬಾತುಕೋಳಿ ಬಿಟ್ಟರೆ ಮೀನು ಹಿಡಿಯಲು ಗುತ್ತಿಗೆ ತಗೊಂಡವರು ಸುಮ್ನಿರುತ್ತಾರಾ?

ಶಿರಸಿ_ತೋಟ
ಅವರನ್ನು ಕೇಳಿಯೇ ಬಿಡಬೇಕು ಮತ್ತೆ.

ಚಾಮರಾಜನಗರ_ಎಮ್ಮೆ
ತಡವಾಗಿ ಬಂದೆ. ನಮ್ಮದು ಎಮ್ಮೆಕರು. ಹುಟ್ಟಿ ಹದಿನೈದು ದಿನಕ್ಕೇ ಜಂತು ಔಷಧಿ ಕೊಡಿ ಅಂತಾರೆ. ಅದನ್ನೂ ಹಿಂಡಿಯಲ್ಲಿ ಕೊಡಬಹುದಾ?

ಹಾಸನದಾಕೆ
ಹದಿನೈದು ದಿನದ ಕರು ಹಿಂಡಿ ಎಲ್ಲಿ ತಿನ್ನುತ್ತೆ? ಅದಕ್ಕೆ ಬಾಯಿಗೇ ಕುಡಿಸಬೇಕು. ಆ ದೊಡ್ಡ ಬಿಳಿ ದುಂಡು ಹುಳು ತಾಯಿಯ ಹಾಲಿನ ಮೂಲಕವೇ ಕರುವಿಗೆ ಬರುತ್ತದೆ. ಎಮ್ಮೆಕರುಗಳಿಗೆ ಇದರ ಕಾಟ ಜಾಸ್ತಿ. 10ರಿಂದ 16 ದಿನದ ಒಳಗೆ ಮೊದಲ ಔಷಧಿ. ಪೈಪರಜಿನ್ ಅಥವಾ ಡಾಕ್ಟರು ಹೇಳಿದ್ದು. ಆ ವಯಸ್ಸಿನ ಕರು ಮಡಿಲಲ್ಲಿ ಕೂರಿಸಿಕೊಂಡರೂ ಕುಡಿಯುತ್ತೆ, ಓಣಿ ಬೇಕಿಲ್ಲ.

ಚಾಮರಾಜನಗರ_ಎಮ್ಮೆ
ಆಯ್ತಕ್ಕ.

ಸಿರಾ_ಟಗರು
ನಮ್ಮಲ್ಲಿ ನಾಲ್ಕು ಮೇಕೆಯೂ ಇವೆ. ಫೆನ್‌ಬೆಂಡಜೋಲ್ ಕುರಿ ಲೆಕ್ಕದಲ್ಲೇ ಕೊಡುತ್ತಿದ್ದೇವೆ. ಅದಕ್ಕೂ 5 ಮಿ.ಗ್ರಾಂ ಸಾಕಾ ಡಾಕ್ಟ್ರೇ?

ನಿವೃತ್ತ_ಪಶುವೈದ್ಯ
ಸಾಲದು. ಮೇಕೆಯ ಮೈ ಈ ಔಷಧಿಯನ್ನು ಬೇಗ ಹೊರಹಾಕುತ್ತದೆ. ಸಾಮಾನ್ಯವಾಗಿ ಕಿಲೋಗೆ 10 ಮಿ.ಗ್ರಾಂ ಹೇಳುತ್ತೇವೆ. ತೂಕ ನೋಡಿ, ಬಾಯಿಗೆ ಕುಡಿಸಿ. ನಾಲ್ಕೇ ಮೇಕೆಗೆ ಹಿಂಡಿಯಲ್ಲಿ ಬೆರೆಸುವ ಅಗತ್ಯವೇ ಇಲ್ಲ.